ನುಡಿಯಬಾರದೆಂದು ಕಟ್ಟುಮಾಡಿದ ಒಂದು ಶಬ್ದ

ಮಳೆ ಗಾಳಿಗಳ ಆಗಮನವನ್ನು ಮುಂದಾಗಿ ತಿಳಿಯಬೇಕೆಂಬ ಹಂಬಲವು ಬೇಸಾಯದಷ್ಟೇ ಹಳೆಯದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೇಘಗಳ ಗರ್ಭಧಾರಣವನ್ನು ವಿವರಿಸಿ, ಗರ್ಭ ಕಟ್ಟಿದ 195 ದಿನಗಳಿಗೆ ಪ್ರಸವವು, ಎಂದರೆ ವೃಷ್ಟಿಯು, ಆಗುವುದೆಂದು ಲೆಕ್ಕ ಕೊಟ್ಟಿರುವನು. ಹಗಲಿರುಳೂ ಮನಸ್ಸಿಟ್ಟು ಆಕಾಶವನ್ನು ನೋಡುವವನೇ ಆ ಶಾಸ್ತ್ರಕ್ಕೆ ಅಧಿಕಾರಿಯೆಂದೂ ತಿಳಿಸಿರುವನು. ಆ ದಿನಗಳ ಲೆಕ್ಕವನ್ನು ಈಗಿನ ವಿಜ್ಞಾನವು ಒಪ್ಪುವುದಿಲ್ಲ. ಅಧಿಕಾರಿಯ ಲಕ್ಷಣವನ್ನಾದರೋ ಒಪ್ಪದೆ ವಿಧಿಯಿಲ್ಲ. ಆದರೆ ಮಧ್ಯಾಹ್ನಕ್ಕೆ ಹುಟ್ಟಿ, ಸಂಜೆಗೆ ಊರನ್ನು ಹಾಳುಗೆಡವಿ, ನಡುರಾತ್ರಿಯೊಳಗೆ ಹೇಳಹೆಸರಿಲ್ಲದಂತಾಗುವ ಗುಡುಗುಮೇಘದ ವಿಷಯದಲ್ಲಿ ದೈವಜ್ಞನಿಗೆ ದಿನಗಳ ಅವಕಾಶವೆಲ್ಲಿಯದು? ಅಲ್ಲಿ ಇರುವುದು ಗಂಟೆಗಳು, ಕೆಲವು ವೇಳೆ ಗಳಿಗೆಗಳು. ಅಷ್ಟರೊಳಗೆ, ತನಗೆ ಅರ್ಧ ತಿಳಿದು ಅರ್ಧ ತಿಳಿಯದಿರುವ ಅಪಾಯವನ್ನು ಅವನು ಜನರಿಗೆ ಸಾರಬೇಕೆ, ಸುಮ್ಮನಿರಬೇಕೆ ಎಂಬ ಪ್ರಶ್ನೆಯು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ಒಂದೇ ಒಂದು ಶಬ್ದವನ್ನು ಸುತ್ತಿಕೊಂಡಿತ್ತು. ಆ ಶಬ್ದವು ಟಾರ್ನೆಡೊ ಎಂಬುದು.

ಟಾರ್ನೆಡೊ ಎಂದರೆ ಸಮುದ್ರದ ಮೇಲೆ ಹುಟ್ಟಿ ನೂರಾರು ಮೈಲುಗಳ ವಿಸ್ತಾರಕ್ಕೆ ಹಬ್ಬುವ ಚಂಡಮಾರುತವಲ್ಲ. ಇದು ಗುಡುಗುಮೇಘದ ಹೊಟ್ಟೆಯಿಂದ ಸೊಂಡಿಲಿನಂತೆ ನೆಲಕ್ಕಿಳಿಯುವ ಸುಂಟರಗಾಳಿ. ಭಾಗವತದ ಕಥೆಯನ್ನು ಕೇಳಿದವರು ಗೋಕುಲದ ಶಿಶುವನ್ನು ಮೇಲಕ್ಕೆತ್ತಿಕೊಂಡು ಹೋದ ತೃಣಾವರ್ತನನ್ನು ನೆನೆದುಕೊಂಡರೆ ಇದರ ಸ್ವರೂಪವು ಮನಸ್ಸಿಗೆ ಬರುವುದು. ಅಮೆರಿಕಾದ ನಡುನಾಡಿನ ಬಯಲುಸೀಮೆಯಲ್ಲಿ ಇದು ಮಿಕ್ಕೆಲ್ಲ ದೇಶಗಳಿಗಿಂತ ಹೆಚ್ಚು. ಕಾರಣವೂ ಸ್ಪಷ್ಟವಾಗಿಯೇ ಇದೆ. ದಕ್ಷಿಣದಲ್ಲಿರುವ ಮೆಕ್ಸಿಕೋ ಕೊಲ್ಲಿಯಿಂದ ಬೆಚ್ಚಗಿನ ತೇವದ ಗಾಳಿಯು ನೆಲದ ಬಳಿಯಲ್ಲಿ ಬರುವುದು. ಪಶ್ಚಿಮದ ಎತ್ತರವಾದ ಮರುಭೂಮಿಗಳಿಂದ ಒಣಗಾಳಿಯು ಅದರ ಮೇಲೆ ಹಾಸಿಕೊಳ್ಳುವುದು. ಗಡಿಗೆಯ ಬಾಯಿಗೆ ಮುಚ್ಚಳವಿಟ್ಟು ಕೆಳಗೆ ಉರಿ ಹೆಚ್ಚಿಸಿದರೆ ಏನಾಗುವುದೆಂಬುದು ಅಡಿಗೆಮನೆಯನ್ನು ಕಂಡವರಿಗೆಲ್ಲ ಗೊತ್ತು. ಮುಚ್ಚಳವು ಹಾರಿದ ಕ್ಷಣದಲ್ಲಿ ತೇವದ ಗಾಳಿಯು ಏಳೆಂಟು ಮೈಲು ಎತ್ತರಕ್ಕೆ ನುಗ್ಗುವುದು. ಮೇಲೆ ಬೀಸುವ ಗಾಳಿಯ ದಿಕ್ಕೂ ವೇಗವೂ ಕೆಳಗಿನದಕ್ಕಿಂತ ಬೇರೆಯಾಗಿದ್ದರೆ ಆ ಏರುಗಾಳಿಗೆ ತಿರುಗಣೆ ಹುಟ್ಟುವುದು. ಚೈತ್ರ ವೈಶಾಖಗಳಲ್ಲಿ ಕನ್ನಡನಾಡಿನ ಮೇಲೆ ಆಲಿಕಲ್ಲು ಸುರಿಸಿಹೋಗುವ ಮೇಘಕ್ಕೂ ಅದಕ್ಕೂ ಜಾತಿ ಒಂದೇ, ಪ್ರಮಾಣ ಬೇರೆ.

ಬಿರುಗಾಳಿಯನ್ನು ಮುಂದಾಗಿ ಸಾರುವವನಿಗೆ ಒದಗುವ ಸಂಕಟವನ್ನು ಮೊದಲು ಅನುಭವಿಸಿದವನು ಇಂಗ್ಲೆಂಡಿನ ನೌಕಾಧಿಪತಿ ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನನನ್ನು ಭೂಪ್ರದಕ್ಷಿಣೆಗೆ ಕರೆದೊಯ್ದ ಬೀಗಲ್ ಹಡಗಿನ ಕಪ್ತಾನನೇ ಇವನು. 1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸ್ ತೀರದಲ್ಲಿ ಒಡೆದು ಸುಮಾರು 450 ಜನ ಸತ್ತ ಮೇಲೆ, ತಂತಿಯ ಮೂಲಕ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆಯನ್ನು ಕಳುಹಿಸುವ ಏರ್ಪಾಡನ್ನು 1861ರಲ್ಲಿ ಇವನು ನಡೆಸತೊಡಗಿದನು. ಅದೇ ವರ್ಷದ ಆಗಸ್ಟಿನಿಂದ ಟೈಮ್ಸ್ ಪತ್ರಿಕೆಯಲ್ಲಿ ದಿನದಿನದ ಮುನ್ಸೂಚನೆಯೂ ಅಚ್ಚಾಯಿತು. ಸರಿಹೋದ ದಿನ ಜನ ಮರೆತರು. ತಪ್ಪಿದ ದಿನ ನಕ್ಕರು. 1865ರ ಏಪ್ರಿಲ್ 30ರಂದು ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಅದಕ್ಕೆ ಸಾಲವೂ ಅನಾರೋಗ್ಯವೂ ಕಾರಣಗಳಾಗಿದ್ದುವು, ಮುನ್ಸೂಚನೆಯೊಂದನ್ನೇ ದೂರುವುದು ನ್ಯಾಯವಲ್ಲ. ಆದರೆ ಮರುವರ್ಷವೇ ಪಂಡಿತರ ಸಮಿತಿಯೊಂದು ಅವನ ಎಚ್ಚರಿಕೆಗಳಿಗೆ ಶಾಸ್ತ್ರಾಧಾರ ಸಾಲದೆಂದು ತೀರ್ಮಾನಿಸಿ ಅವನ್ನು ನಿಲ್ಲಿಸಿತು. ಸಮುದ್ರದ ಮೇಲೆ ಹೋಗಬೇಕಾದವರು ಗೊಣಗಿದುದರಿಂದ ಬಂದರುಗಳ ಎಚ್ಚರಿಕೆಯು 1867ರಲ್ಲಿಯೇ ಮತ್ತೆ ಬಂದಿತು.

ಅಮೆರಿಕಾದಲ್ಲಿ ಹವಾಮಾನದ ಕಾರ್ಯವು 1870ರಲ್ಲಿ ಸೈನ್ಯದ ಸಂಕೇತ ಇಲಾಖೆಗೆ ಸೇರಿತು. ದೇಶದ ನಾನಾ ಸ್ಥಳಗಳಲ್ಲಿ ಒಂದೇ ಕಾಲಕ್ಕೆ ವಾಯುಭಾರವನ್ನೂ ಉಷ್ಣವನ್ನೂ ಅಳೆದು ತಂತಿಯಲ್ಲಿ ಕಳುಹಿಸುವುದಕ್ಕೆ ಸಿಪಾಯಿಗಳ ಶಿಸ್ತು ಅನುಕೂಲವೆಂಬುದು ಸರ್ಕಾರದ ಎಣಿಕೆ. ಈ ಇಲಾಖೆಗೆ 1877ರಲ್ಲಿ ಸೇರಿದ ಜಾನ್ ಪಾರ್ಕ್ ಫಿನ್ಲೆ ಎಂಬ ತರುಣನಿಗೆ ಟಾರ್ನೆಡೊ ಒಂದು ಗೀಳಾಗಿ ಹಿಡಿಯಿತು. 1879ರ ಮೇ ತಿಂಗಳ ಕೊನೆಯಲ್ಲಿ ಕ್ಯಾನ್ಸಸ್ ಮೊದಲಾದ ಸಂಸ್ಥಾನಗಳಲ್ಲಿ ಸುಂಟರಗಾಳಿಗಳು ಹಾಯ್ದಾಗ ಅಲ್ಲಿಗೆ ಹೋಗಿ ಹಾಳುಬಿದ್ದ ಮನೆಗಳನ್ನೂ ಮರಗಳು ಉರುಳಿದ ದಿಕ್ಕನ್ನೂ ಗುರುತುಹಾಕಿಕೊಂಡು ಬಂದನು. ಹಳೆಯ ದಾಖಲೆಗಳನ್ನೆಲ್ಲ ಶೋಧಿಸಿ ಆರುನೂರು ಟಾರ್ನೆಡೊಗಳ ವಿಷಯವಾಗಿ ಒಂದು ವರದಿಯನ್ನು ಬರೆದನು. ಕಂಡುದನ್ನು ಬರೆದು ತಿಳಿಸುವ ಸ್ವಯಂಸೇವಕರನ್ನು ಊರೂರುಗಳಲ್ಲಿ ಗೊತ್ತುಮಾಡಿಕೊಂಡನು. 1884ರ ಮಾರ್ಚಿ 10ರಿಂದ, ರಾಕಿ ಪರ್ವತಗಳ ಪೂರ್ವದ ನಾಡನ್ನು 18 ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದು ಭಾಗಕ್ಕೂ ಇಂದು ಟಾರ್ನೆಡೊಗೆ ಅನುಕೂಲವೋ ಅಲ್ಲವೋ ಎಂದು ಬರೆದಿಡತೊಡಗಿದನು. ಇವು ಪ್ರಯೋಗಕ್ಕಾಗಿ ಬರೆದವು, ಊರಿಗೆ ಸಾರಿದವಲ್ಲ.

ಮೂರು ತಿಂಗಳಲ್ಲಿ ಅವನು ಬರೆದ ಮುನ್ಸೂಚನೆಗಳು 2803. ಅವುಗಳಲ್ಲಿ ನೂರಕ್ಕೆ 96.6ರಷ್ಟು ಸರಿಹೋದುವೆಂದು ಲೆಕ್ಕವಾಯಿತು. ಓದಿದವರು ಬೆರಗಾದರು. ಗಿಲ್ಬರ್ಟ್ ಎಂಬ ಭೂಗರ್ಭಶಾಸ್ತ್ರಜ್ಞನು ಮಾತ್ರ ಪೆನ್ಸಿಲು ಹಿಡಿದು ಕುಳಿತನು. ಬರುವುದೆಂದು ಫಿನ್ಲೆ ಹೇಳಿದ್ದು 100 ಸಲ. ಅವುಗಳಲ್ಲಿ ಬಂದದ್ದು 28, ಬಾರದೆ ಹೋದದ್ದು 72. ಬಾರದೆಂದಿದ್ದಾಗ ಬಂದದ್ದು 23. ಬಾರದೆಂದು ಹೇಳಿ ಬಾರದೆಯೇ ಇದ್ದದ್ದು 2680! ಈ ಕಡೆಯ ರಾಶಿಯೇ ಅವನಿಗೆ ಅಷ್ಟು ಅಂಕಗಳನ್ನು ತಂದುಕೊಟ್ಟದ್ದು. ಯಾವನಾದರೂ ಏನನ್ನೂ ನೋಡದೆ ಪ್ರತಿದಿನವೂ ಪ್ರತಿ ಭಾಗಕ್ಕೂ ‘ಇಲ್ಲ, ಇಲ್ಲ’ ಎಂದು ಬರೆದಿದ್ದರೆ ಅವನಿಗೆ ನೂರಕ್ಕೆ 98.2 ಸಿಕ್ಕುತ್ತಿತ್ತು. ಏನನ್ನೂ ಓದದೆ ಎಲ್ಲ ಪ್ರಶ್ನೆಗಳಿಗೂ ಒಂದೇ ಉತ್ತರ ಬರೆದ ಹುಡುಗನು ತರಗತಿಗೆ ಮೊದಲಿಗನಾದಂತೆ! ಆದುದರಿಂದ ಆ 2680ನ್ನು ಬಿಟ್ಟು, ಉಳಿದ 123ರಲ್ಲಿ 28 ಎಂದು ಎಣಿಸುವುದೇ ನ್ಯಾಯವೆಂದು ಗಿಲ್ಬರ್ಟನು ತೋರಿಸಿದನು. ಎಂದರೆ ನೂರಕ್ಕೆ 23ಕ್ಕೂ ಕಡಮೆ. ತಾರ್ಕಿಕನಾದ ಚಾರ್ಲ್ಸ್ ಪರ್ಸ್ ಕೂಡ ಅದೇ ವರ್ಷ ಇದನ್ನು ಕುರಿತು ಬರೆದನು. ಮುನ್ಸೂಚನೆಯನ್ನು ತೂಗುವ ಗಣಿತಕ್ಕೆ ಈ ಚರ್ಚೆಯೇ ಮೂಲವಾಯಿತು. ಫಿನ್ಲೆಯ ಈ ನಾಲ್ಕು ಅಂಕಿಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿ ಉದಾಹರಣೆಯಾಗಿ ಬರುತ್ತಿವೆ.

ಗಿಲ್ಬರ್ಟನ ಲೆಕ್ಕವು ಸರಿಯಾದುದೇ. ಆದರೆ ಅದರ ಇನ್ನೊಂದು ಮಗ್ಗುಲನ್ನು ಆ ಕಾಲದಲ್ಲಿ ಹೆಚ್ಚು ಜನ ನೋಡಿದಂತೆ ತೋರುವುದಿಲ್ಲ. ಆ ಮೂರು ತಿಂಗಳಲ್ಲಿ ಟಾರ್ನೆಡೊ ಕಾಣಿಸಿದ್ದು 51 ಸಲ. ಅವುಗಳಲ್ಲಿ 28ನ್ನು, ಎಂದರೆ ಅರ್ಧಕ್ಕಿಂತ ಹೆಚ್ಚನ್ನು, ಬಲೂನುಗಳಿಲ್ಲದೆ, ಮೇಲ್ಗಾಳಿಯ ಸುದ್ದಿಯೇ ಇಲ್ಲದೆ, ನೆಲದ ಮೇಲಣ ಅಳತೆಗಳಿಂದ ಮಾತ್ರ ಆ ಸಿಪಾಯಿಯು ಮುಂದಾಗಿ ಗುರುತಿಸಿದ್ದನು. ಎಲ್ಲಕ್ಕೂ ‘ಇಲ್ಲ’ ಎಂದವನು 98 ಅಂಕ ಪಡೆದೂ ಒಂದನ್ನೂ ಗುರುತಿಸುತ್ತಿರಲಿಲ್ಲ.

ಇಲಾಖೆಯು ಇದರಿಂದ ಕಲಿತ ಪಾಠವೇ ಬೇರೆ. 1887ರ ಹೊತ್ತಿಗೆ ಫಿನ್ಲೆಯ ಕೆಲಸವು ನಿಂತುಹೋಯಿತು; ಮುನ್ಸೂಚನೆಗಳಲ್ಲಿ ಟಾರ್ನೆಡೊ ಎಂಬ ಶಬ್ದವನ್ನೇ ಬಳಸಕೂಡದೆಂಬ ನಿರ್ಬಂಧವು ಬಂದಿತು. ಅಧಿಕಾರಿಗಳು ಕೊಟ್ಟ ಕಾರಣವೇನೆಂದರೆ, ಸುಂಟರಗಾಳಿಯು ಹಾಯುವ ನೆಲ ಸೂಜಿಯಷ್ಟು, ಎಚ್ಚರಿಕೆಯು ಮುಟ್ಟುವ ನೆಲ ಚಾಪೆಯಷ್ಟು. ಒಂದು ಹಳ್ಳಿಗೆ ಬರುವ ಗಾಳಿಗಾಗಿ ಇಡೀ ಸೀಮೆಯೇ ಗಾಬರಿಬಿದ್ದರೆ ಆಗುವ ಹಾನಿಯು ಗಾಳಿಯ ಹಾನಿಗಿಂತ ಹೆಚ್ಚಾದೀತು ಎಂಬುದು. ಇದನ್ನು ಬರಿಯ ಹೇಡಿತನವೆಂದು ತಳ್ಳಿಹಾಕಲಾಗದು. ನೂರು ಸಲ ಕೂಗಿ ಎಪ್ಪತ್ತೆರಡು ಸಲ ತಪ್ಪುವವನ ಕೂಗಿಗೆ ಜನ ಎಷ್ಟು ದಿನ ಕಿವಿಗೊಟ್ಟಾರು? ಆದರೆ ತಾತ್ಕಾಲಿಕವಾಗಿ ಬಂದ ನಿರ್ಬಂಧವು ರೂಢಿಯಾಯಿತು. 1891ರಲ್ಲಿ ಹವಾಮಾನದ ಕಾರ್ಯವು ಸೈನ್ಯದಿಂದ ವ್ಯವಸಾಯ ಇಲಾಖೆಗೆ ವರ್ಗವಾಯಿತು, ನಿರ್ಬಂಧವೂ ಅದರೊಡನೆ ಹೋಯಿತು. 1905ರ ನಿಬಂಧನೆಗಳಲ್ಲಿ ಟಾರ್ನೆಡೊ ಮುನ್ಸೂಚನೆಯು ನಿಷಿದ್ಧವೆಂದು ಅಚ್ಚಾಗಿಯೇ ಇತ್ತು. ಹೇಳಬಾರದುದನ್ನು ಅಭ್ಯಾಸಮಾಡುವವರಾರು? ಸ್ವಯಂಸೇವಕರ ಜಾಲವು ಹರಿಯಿತು, ಶೋಧನೆಯು ಬತ್ತಿತು. ಫಿನ್ಲೆಯು ಪದಾತಿದಳಕ್ಕೆ ಹೋಗಿ, ಫಿಲಿಪ್ಪೀನ್ ದ್ವೀಪಗಳ ಒಂದು ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದು, 1943ರವರೆಗೆ ಬದುಕಿದನು.

1925ರ ಮಾರ್ಚಿ 18ರಂದು ಮಿಸ್ಸೂರಿಯಲ್ಲಿ ಹುಟ್ಟಿದ ಒಂದು ಟಾರ್ನೆಡೊ, ಇಲಿನಾಯ್ ಸಂಸ್ಥಾನವನ್ನು ಸೀಳಿಕೊಂಡು ಇಂಡಿಯಾನದವರೆಗೆ ಸುಮಾರು 219 ಮೈಲು ದೂರವನ್ನು ಮೂರೂವರೆ ಗಂಟೆಗಳಲ್ಲಿ ಓಡಿತು. ಸತ್ತವರು 695. ಮರ್ಫಿಸ್‌ಬರೋ ಎಂಬ ಒಂದೇ ಊರಿನಲ್ಲಿ 234. ಮೂರೂವರೆ ಗಂಟೆಗಳೆಂದರೆ ತಂತಿಯೂ ಟೆಲಿಫೋನೂ ಇದ್ದ ದೇಶದಲ್ಲಿ ಅಲ್ಪ ಕಾಲವಲ್ಲ. ಮೊದಲ ಊರು ನಾಶವಾದ ಸುದ್ದಿಯು ಕಡೆಯ ಊರನ್ನು ಮುಟ್ಟಬಹುದಾಗಿತ್ತು. ಮುಟ್ಟಿಸುವ ಏರ್ಪಾಡು ಮಾತ್ರ ಯಾರದೂ ಆಗಿರಲಿಲ್ಲ. ಅಂದಿನ ಮುನ್ಸೂಚನೆಯಲ್ಲಿ ಆ ಶಬ್ದವು ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

1938ರಲ್ಲಿ ನಿರ್ಬಂಧವು ಸಡಿಲವಾಯಿತು. ಬಾಯಿಗೆ ಬಿದ್ದ ಬೀಗವು ಸಡಿಲವಾಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಗಳಿಗೆ ಸಿಡಿಲು ಹೊಡೆದೀತೆಂಬ ಭಯದಿಂದ ಸುತ್ತಮುತ್ತ ಕಾವಲುಗಾರರನ್ನು ನಿಲ್ಲಿಸಿ, ಗುಡುಗುಮೇಘವು ಕಂಡೊಡನೆ ಸುದ್ದಿ ಕಳುಹಿಸುವಂತೆ ಗೊತ್ತುಮಾಡಿದರು. ಜನರಿಗಾಗಿ ಆಗದಿದ್ದುದು ಮದ್ದಿನ ಉಗ್ರಾಣಕ್ಕಾಗಿ ಆಯಿತು.

ಬೀಗವು ತೆರೆದದ್ದೂ ಸೈನ್ಯದ ಒಂದು ವಿಮಾನನೆಲೆಯಲ್ಲಿಯೇ. ಓಕ್ಲಹೋಮಾ ನಗರದ ಬಳಿಯ ಟಿಂಕರ್ ನೆಲೆಯಲ್ಲಿ 1948ರ ಮಾರ್ಚಿ 20ರ ರಾತ್ರಿ ಕೆಲಸದಲ್ಲಿದ್ದ ಹವಾಮಾನಾಧಿಕಾರಿಯು ಕ್ಯಾಪ್ಟನ್ ರಾಬರ್ಟ್ ಮಿಲ್ಲರ್. ಸಮುದ್ರತೀರದ ಕ್ಯಾಲಿಫೋರ್ನಿಯದವನು, ಬಯಲುಸೀಮೆಯ ಮೇಘಗಳು ಅವನಿಗೆ ಹೊಸವು. ಅಂದು ಸ್ವಲ್ಪ ಬಿರುಸಾದ ಗಾಳಿ, ಗುಡುಗಿಲ್ಲ ಎಂದು ಅವನು ಬರೆದಿದ್ದನು. ರಾತ್ರಿ ಸುಮಾರು ಹತ್ತು ಗಂಟೆಗೆ ಟಾರ್ನೆಡೊ ನೆಲೆಯ ನಡುವೆಯೇ ಹಾಯ್ದು, ಬಯಲಿನಲ್ಲಿ ನಿಲ್ಲಿಸಿದ್ದ ವಿಮಾನಗಳನ್ನು ಒಂದರ ಮೇಲೊಂದು ಎತ್ತಿಹಾಕಿ, ಒಂದು ಕೋಟಿ ಡಾಲರಿಗೂ ಮಿಕ್ಕ ನಷ್ಟವನ್ನು ಮಾಡಿತು. ಮರುದಿನವೇ ವಿಚಾರಣಾ ಮಂಡಲಿಯು ಕುಳಿತು, ಇದು ದೈವಾಧೀನವಾದುದು, ಮನುಷ್ಯರು ಮುಂದಾಗಿ ಹೇಳಲಾಗದುದು ಎಂದು ನಿರ್ಣಯಿಸಿತು. ಮಿಲ್ಲರನು ಬದುಕಿಕೊಂಡನು. ಆದರೆ ನೆಲೆಯ ದಳಪತಿಯಾದ ಜನರಲ್ ಬೋರಮ್ ಎಂಬವನು ದೈವಾಧೀನವೆಂದು ಕೈಕಟ್ಟುವವನಲ್ಲ. ಇದನ್ನು ತಿಳಿಯುವ ಬಗೆಯುಂಟೋ ನೋಡಿರೆಂದು ಮಿಲ್ಲರನಿಗೂ ಅವನ ಮೇಲಧಿಕಾರಿ ಮೇಜರ್ ಅರ್ನೆಸ್ಟ್ ಫಾಬುಷ್‌ಗೂ ಆಜ್ಞೆಮಾಡಿದನು. ಇಬ್ಬರೂ ಹಿಂದೆ ಟಾರ್ನೆಡೊ ಬಂದ ದಿನಗಳ ನಕ್ಷೆಗಳನ್ನು ಹರಡಿಕೊಂಡು ಅವಕ್ಕೆಲ್ಲ ಸಾಮಾನ್ಯವಾದ ಲಕ್ಷಣಗಳನ್ನು ಹೆಕ್ಕಿದರು.

ಐದು ದಿನಗಳೂ ತುಂಬಿರಲಿಲ್ಲ. ಮಾರ್ಚಿ 25ರ ಬೆಳಗಿನ ನಕ್ಷೆಯು 20ರ ನಕ್ಷೆಯ ನೆರಳಿನಂತೆಯೇ ಕಂಡಿತು. ಜನರಲನಿಗೆ ಅದನ್ನು ತೋರಿಸಿದರು. ಹಾಗಾದರೆ ಟಾರ್ನೆಡೊ ಬರುವುದೆಂದು ಬರೆಯುವಿರೋ ಎಂದು ಅವನು ಕೇಳಿದನು. ಇಬ್ಬರೂ ತಡವರಿಸಿದರು. ಒಂದೇ ಸ್ಥಳಕ್ಕೆ ಐದು ದಿನಗಳಲ್ಲಿ ಎರಡು ಸಲ ಟಾರ್ನೆಡೊ ಬಂದೀತೆಂದು ನಂಬುವವರಾರು? ಮೊದಲು ಬಿರುಸಾದ ಗುಡುಗುಮಳೆಯೆಂದು ಮಾತ್ರ ಬರೆದರು. ಮಧ್ಯಾಹ್ನವಾದಂತೆ ಮೇಘಗಳು ಸಾಲುಗಟ್ಟಿದುವು. ಜನರಲನು ಮತ್ತೆ ಬಂದು ಅದೇ ಪ್ರಶ್ನೆಯನ್ನು ಕೇಳಿದನು. ಎರಡು ಗಂಟೆ ಐವತ್ತು ನಿಮಿಷಕ್ಕೆ ಆ ಶಬ್ದವನ್ನು ಕಾಗದದ ಮೇಲೆ ಇಟ್ಟರು. ವಿಮಾನಗಳು ಕೊಟ್ಟಿಗೆಗಳೊಳಗೆ ಹೋದುವು. ಸಡಿಲವಾದ ವಸ್ತುಗಳನ್ನು ಕಟ್ಟಿಹಾಕಿದರು.

ಐದು ಗಂಟೆಯ ಮೇಲೆ ಮೇಘದ ಸಾಲು ನಗರದ ಇನ್ನೊಂದು ವಿಮಾನನಿಲ್ದಾಣವನ್ನು ದಾಟಿತು. ಅಲ್ಲಿಂದ ಬಂದ ಸುದ್ದಿ: ಅಲ್ಪಸ್ವಲ್ಪ ಗಾಳಿ, ಸಣ್ಣ ಆಲಿಕಲ್ಲು. ಮಿಲ್ಲರನು ತಲೆ ತಗ್ಗಿಸಿಕೊಂಡು ಮನೆಗೆ ಹೋದನು. ಸೈನ್ಯದಿಂದ ಹೊರಬಿದ್ದರೆ ಲಿಫ್ಟು ನಡೆಸುವ ಕೆಲಸವಾದರೂ ಸಿಕ್ಕೀತೇ ಎಂದು ಯೋಚಿಸಿದನಂತೆ. ಸುಮಾರು ಆರು ಗಂಟೆಗೆ ಟಾರ್ನೆಡೊ ಟಿಂಕರ್ ನೆಲೆಯ ಮೇಲೆ ಎರಡನೆಯ ಸಲ ಹಾಯಿತು. ನಷ್ಟವು ಅರುವತ್ತು ಲಕ್ಷ ಡಾಲರುಗಳು; ಸತ್ತವರು ಯಾರೂ ಇಲ್ಲ.

ಇದರಲ್ಲಿ ಅದೃಷ್ಟದ ಪಾಲು ಬಹಳವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅಂದಿನ ವಿದ್ಯೆಯಿಂದ ಒಂದು ಸೀಮೆಗೆ ಅಪಾಯವಿದೆಯೆಂದು ಹೇಳಬಹುದಾಗಿತ್ತೇ ಹೊರತು ಒಂದು ಬೇಲಿಯೊಳಗೆ ಬರುವುದೆಂದು ಹೇಳುವ ಶಕ್ತಿ ಯಾರಿಗೂ ಇರಲಿಲ್ಲ. ಇಂದಿಗೂ ಅಷ್ಟು ಮುಂಚಿತವಾಗಿ ಇಲ್ಲ. ಆದರೂ ಆಗದೆಂದು ಅರುವತ್ತು ವರ್ಷ ನಂಬಿದ್ದ ಕಾರ್ಯವು ಒಂದು ಸಲ ಆಯಿತು. ಬೇಲಿಯ ಹೊರಗೆ ಇದ್ದ ಓಕ್ಲಹೋಮಾದ ಜನರಿಗೆ ಮಾತ್ರ ಅಂದು ಯಾವ ಸುದ್ದಿಯೂ ತಲುಪಿರಲಿಲ್ಲ. ಸೈನ್ಯದವರಿಗೆ ಸಿಕ್ಕುವ ಎಚ್ಚರಿಕೆಯು ತಮಗೇಕೆ ಇಲ್ಲವೆಂದು ಅವರು ಕೇಳತೊಡಗಿದರು. 1950ರ ಜುಲೈ 12ರಂದು ಹವಾಮಾನ ಇಲಾಖೆಯ ಮುಖ್ಯಸ್ಥ ರೈಕೆಲ್ಡರ್ಫರ್ ತನ್ನ ಕಚೇರಿಗಳಿಗೆ ಸುತ್ತೋಲೆ ಬರೆದು, ಟಾರ್ನೆಡೊ ಮುನ್ಸೂಚನೆಯನ್ನು ಇಲಾಖೆಯು ಮಾಡಲಾರದು ಅಥವಾ ಮಾಡಲೊಲ್ಲದು ಎಂಬ ಅರ್ಥ ಬರುವ ಮಾತನ್ನು ಆಡಕೂಡದೆಂದು ತಿಳಿಸಿದನು. 1952ರಲ್ಲಿ ಸಾರ್ವಜನಿಕರಿಗೆ ಮೊದಲ ಪ್ರಕಟಣೆಗಳು ಹೊರಟುವು.

ಕಾಗದದ ಮೇಲಿನ ನಿಷೇಧವು ಹೋದರೂ ಮನಸ್ಸಿನಿಂದ ಹೋಗುವುದು ಕಷ್ಟ. 1953ರ ಜೂನ್ 8ರಂದು ಮಿಚಿಗನ್ ಸಂಸ್ಥಾನದ ಫ್ಲಿಂಟ್ ನಗರದ ಬಳಿ ಟಾರ್ನೆಡೊ 116 ಜನರನ್ನು ಕೊಂದಿತು. ಅದೇ ಹವೆಯು ಮರುದಿನ ಪೂರ್ವಕ್ಕೆ ಸರಿಯಿತು. ಬಾಸ್ಟನ್ ನಗರದ ಹವಾಮಾನ ಕಚೇರಿಯಲ್ಲಿದ್ದವರು ಅಂದು ಟಾರ್ನೆಡೊ ಬರಬಹುದೆಂದು ಶಂಕಿಸಿದರು. ಆ ನಾಡಿನಲ್ಲಿ ಅಪರೂಪವಾದ ಈ ಹೆಸರನ್ನು ಎತ್ತಿದರೆ ಜನ ಗಾಬರಿಯಾದಾರೆಂದು ಅದನ್ನು ಬಿಟ್ಟು, ತೀವ್ರವಾದ ಗುಡುಗುಮಳೆಯೆಂದು ಮಾತ್ರ ಬರೆದರು. ಸಂಜೆ ಐದರ ಹೊತ್ತಿಗೆ ವೂಸ್ಟರ್ ನಗರದಲ್ಲಿಯೂ ಅದರ ಸುತ್ತಿನ ಊರುಗಳಲ್ಲಿಯೂ 94 ಜನರು ಸತ್ತರು. ಶಬ್ದವನ್ನು ಬರೆದಿದ್ದರೆ ಅವರಲ್ಲಿ ಎಷ್ಟು ಜನ ಉಳಿಯುತ್ತಿದ್ದರೆಂದು ಲೆಕ್ಕಹಾಕುವ ಗಣಿತವಿಲ್ಲ. ಬರೆಯದೆ ಬಿಟ್ಟವರೂ ಜನರ ಹಿತವನ್ನೇ ಎಣಿಸಿದವರು ಎಂಬುದು ಈ ಕಥೆಯಲ್ಲಿ ಬಹಳ ನೋಯಿಸುವ ಭಾಗ.

ಆಮೇಲೆ ರೇಡಾರು ಬಂದಿತು, ಉಪಗ್ರಹಗಳು ಬಂದುವು, ಗಣಕಯಂತ್ರಗಳು ಬಂದುವು. ಮುನ್ಸೂಚನೆಯ ಕೇಂದ್ರವು 1954ರಲ್ಲಿ ಕ್ಯಾನ್ಸಸ್ ಸಿಟಿಗೂ 1997ರಲ್ಲಿ ಓಕ್ಲಹೋಮಾದ ನಾರ್ಮನ್ ಪಟ್ಟಣಕ್ಕೂ ಹೋಯಿತು. ಈಗ ಆ ಕೇಂದ್ರವು ದೇಶದ ನಕ್ಷೆಯ ಮೇಲೆ ಅಪಾಯವನ್ನು ಐದು ಮೆಟ್ಟಿಲುಗಳಾಗಿ ಬಣ್ಣಹಾಕಿ ದಿನವೂ ಪ್ರಕಟಿಸುತ್ತಿದೆ. ಆದರೂ 2011ರ ಮೇ 22ರಂದು ಮಿಸ್ಸೂರಿಯ ಜಾಪ್ಲಿನ್ ನಗರದಲ್ಲಿ ಎಚ್ಚರಿಕೆಯ ಕಹಳೆಗಳು ಮುಂದಾಗಿ ಕೂಗಿದ್ದರೂ 158 ಜನರು ಸತ್ತರು. ಸರ್ಕಾರವು ವಿಚಾರಿಸಿದಾಗ, ಮೊದಲ ಕೂಗಿಗೇ ಅಡಗುದಾಣಕ್ಕೆ ಹೋಗದೆ, ಇದು ನಿಜವೋ ಎಂದು ಇನ್ನೊಂದು ಗುರುತಿಗಾಗಿ ಕಾದವರೇ ಬಹುಮಂದಿಯೆಂದು ತಿಳಿದುಬಂದಿತು. ಆ ವರ್ಷಗಳಲ್ಲಿ ಅಮೆರಿಕಾದ ಟಾರ್ನೆಡೊ ಎಚ್ಚರಿಕೆಗಳಲ್ಲಿ ಸುಳ್ಳಾಗುತ್ತಿದ್ದುದು ಹತ್ತಕ್ಕೆ ಏಳಕ್ಕೂ ಸ್ವಲ್ಪ ಹೆಚ್ಚು. ಫಿನ್ಲೆಯದು ನೂರಕ್ಕೆ 72. ಈಗಿನ ಎಚ್ಚರಿಕೆಯು ಒಂದು ಜಿಲ್ಲೆಯ ತುಣುಕಿಗೆ ಸಲ್ಲುವುದು, ಅವನದು ಒಂದು ಸಂಸ್ಥಾನದಷ್ಟು ವಿಸ್ತಾರಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಸಲ್ಲದು. ಆದರೂ 1887ರಲ್ಲಿ ಅಧಿಕಾರಿಗಳು ಹೆದರಿದ್ದ ಸಂಗತಿಯು ಪೂರ್ತಿ ಸುಳ್ಳಾಗಿರಲಿಲ್ಲವೆಂಬುದು ಜಾಪ್ಲಿನ್ನಿನಲ್ಲಿ ಕಂಡಿತು. ಅವರು ಹುಡುಕಿದ ಔಷಧವು ರೋಗಕ್ಕಿಂತ ಕೆಟ್ಟದಾಗಿತ್ತು.

ಇಷ್ಟೂ ಗಾಳಿಯ ಮಾತಾಯಿತು. ಅದೇ ಗುಡುಗುಮೇಘಕ್ಕೆ ಇನ್ನೊಂದು ಮುಖವುಂಟು, ಅದು ನೀರು. ಮೇಲ್ಗಾಳಿಯು ಬಲವಾಗಿದ್ದರೆ ಮೇಘವು ಓಡುವುದು, ಸುಂಟರಗಾಳಿಯ ಭಯ. ಮೇಲ್ಗಾಳಿಯು ದುರ್ಬಲವಾಗಿದ್ದರೆ ಮೇಘವು ಕದಲದೆ ನಿಂತಲ್ಲಿಯೇ ನಿಂತು ಸುರಿಯುವುದು. ಕೆಳಗೆ ಇಕ್ಕಟ್ಟಾದ ಕಣಿವೆಯಿದ್ದರೆ ಹಠಾತ್ತಾದ ಪ್ರವಾಹ. ಈ ಅಪಾಯದ ಹೆಸರನ್ನು ಹೇಳಬಾರದೆಂದು ಯಾರೂ ಕಟ್ಟುಮಾಡಿರಲಿಲ್ಲ. ಆದರೂ 1972ರ ಜೂನ್ 9ರ ರಾತ್ರಿ ದಕ್ಷಿಣ ಡಕೋಟಾದ ರ‍್ಯಾಪಿಡ್ ಸಿಟಿಯಲ್ಲಿ 238 ಜನರು ಕೊಚ್ಚಿಹೋದರು. ಮೇಲಿನ ಬೆಟ್ಟಗಳಲ್ಲಿ ಆರು ಗಂಟೆಗಳಲ್ಲಿ ಹದಿನೈದು ಅಂಗುಲದವರೆಗೆ ಮಳೆಯಾಗಿ, ಊರಿನ ಅಂಚಿನ ಕೆರೆಯ ಕಟ್ಟೆಯೂ ಒಡೆದಿತ್ತು.

ನಾಲ್ಕು ವರ್ಷಗಳ ಮೇಲೆ, 1976ರ ಜುಲೈ 31ರಂದು, ಕೊಲರಾಡೋ ಸಂಸ್ಥಾನಕ್ಕೆ ನೂರು ವರ್ಷ ತುಂಬುವ ಹಿಂದಿನ ದಿನ, ಬಿಗ್ ಥಾಂಪ್ಸನ್ ನದಿಯ ಕಣಿವೆಯು ರಜೆಗೆ ಬಂದವರಿಂದ ತುಂಬಿತ್ತು. ಸಂಜೆ ಕಣಿವೆಯ ಮೇಲ್ಭಾಗದಲ್ಲಿ ಒಂದು ಮೇಘವು ನಿಂತಿತು. ನಾಲ್ಕು ಗಂಟೆಗಳಲ್ಲಿ ಸುಮಾರು ಹನ್ನೆರಡು ಅಂಗುಲ ಮಳೆ. ಕೆಳಭಾಗದಲ್ಲಿ ಇದ್ದವರಿಗೆ ಹೆಚ್ಚೇನೂ ಹನಿ ಬೀಳಲಿಲ್ಲ. ಪೊಲೀಸರು ವಾಹನಗಳಲ್ಲಿ ಹೋಗಿ ಹೊರಡಿರೆಂದು ಕೂಗಿದರೆ, ತಲೆಯ ಮೇಲೆ ಮಳೆಯಿಲ್ಲದಾಗ ಪ್ರವಾಹವೆಲ್ಲಿಂದ ಬಂದೀತೆಂದು ಅನೇಕರು ಅಲ್ಲಿಯೇ ಕುಳಿತರು. ಹೊರಟವರಲ್ಲಿಯೂ ಹಲವರು ಮೋಟಾರುಗಳನ್ನು ಬಿಡಲಾರದೆ, ನದಿಯ ಪಕ್ಕದಲ್ಲಿಯೇ ಓಡುವ ರಸ್ತೆಯಲ್ಲಿ ನೀರಿನೊಡನೆ ಪಂದ್ಯಕ್ಕಿಳಿದರು. ಮೋಟಾರನ್ನು ಬಿಟ್ಟು ಪಕ್ಕದ ಬೆಟ್ಟವನ್ನು ಹತ್ತಿದವರು, ರಾತ್ರಿಯೆಲ್ಲ ಬಂಡೆಗಳ ಮೇಲೆ ನಡುಗುತ್ತ ಕುಳಿತರೂ, ಉಳಿದರು. ಸತ್ತವರು 144, ಎಚ್ಚರಿಸಲು ಹೋದ ಇಬ್ಬರು ಪೊಲೀಸ್ ಅಧಿಕಾರಿಗಳೂ ಅವರಲ್ಲಿ ಸೇರಿದ್ದರು. ಕೆಲವರ ದೇಹಗಳು ಸಿಕ್ಕಲೇ ಇಲ್ಲ.

ಆ ಮೇಲೆ ಕೊಲರಾಡೋದ ಕಣಿವೆಗಳ ಬಾಯಿಯಲ್ಲಿಯೂ ತಿರುವುಗಳಲ್ಲಿಯೂ ಫಲಕಗಳನ್ನು ನೆಟ್ಟರು. ಪ್ರವಾಹ ಬಂದರೆ ಬೆಟ್ಟವನ್ನು ಹತ್ತಿ ಪಾರಾಗಿರಿ ಎಂಬ ಅರ್ಥದ ಒಂದೇ ಒಂದು ಮಾತು, ಅದರ ಪಕ್ಕದಲ್ಲಿ ಇಳಿಜಾರನ್ನು ಹತ್ತುತ್ತಿರುವ ಒಬ್ಬ ಮನುಷ್ಯನ ಚಿತ್ರ. 2013ರ ಸೆಪ್ಟೆಂಬರಿನಲ್ಲಿ ಅದೇ ನದಿಯು ಮತ್ತೆ ಉಕ್ಕಿ ರಸ್ತೆಯನ್ನು ಕಿತ್ತುಹಾಕಿತು. ಈ ಸಲ ಮಳೆಯು ದಿನಗಟ್ಟಲೆ ಸುರಿದು ನೀರು ಹೆಚ್ಚಿತಾದುದರಿಂದ ಜನರಿಗೆ ಕಾಲವಿತ್ತು. ಕಣಿವೆಯಲ್ಲಿ ಸತ್ತವರು ಬಹಳ ಕಡಮೆ. ರಸ್ತೆಯನ್ನು ಮತ್ತೆ ಕಟ್ಟಿದರು. ಆ ಫಲಕಗಳು ಇಂದಿಗೂ ಕಣಿವೆಯಲ್ಲಿ ಇವೆ.